ಯಾರ ಮೊಳ

ಶನಿವಾರ ಹತ್ತೂವರೆಗೆ ಮತ್ತಿಕೆರೆ ಸ್ಟಾಪಿನಲ್ಲಿ
ನಾವು ಮೂವರು, ಎಲ್ಲಿಗೂ ಹೊರಟಿರಲಿಲ್ಲ.
ಬಸ್ಸು ಎಷ್ಟು ಹೊತ್ತಿಗೆ? ಕೇಳಿದಳು ಚಿನಾತ್ಸು.
ಬಂದಾಗ, ಅಂದೆ.
ಅದನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು,
ಹೊಸ ಪದವೆಂದೋ, ವೇಳಾಪಟ್ಟಿಯೆಂದೋ.
ನನ್ನ ಜಪಾನಿಯೂ ಅವಳ ಕನ್ನಡದಷ್ಟೇ ಕುಂಟು,
ವಿವರಿಸಲು ಹೋಗಲಿಲ್ಲ.
ಬರಾಕಾ ನಕ್ಕ. ಅವನ ಮ್ವಾಂಝಾದಲ್ಲೂ
ಬಸ್ಸು ಬರುವುದು ಬಂದಾಗಲೇ ಅಂತೆ.

ಕಂಡಕ್ಟರು ನನ್ನ ಆಧಾರ್ ನೋಡಿ
ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟ.
ಅವರಿಬ್ಬರಿಗೆ ದಿನದ ಪಾಸು, ದುಡ್ಡು ಕೊಟ್ಟು.
ಸೊನ್ನೆಯನ್ನೂ ಅಚ್ಚು ಹಾಕಿ ಕೊಡುತ್ತಾರಾ,
ಚಿನಾತ್ಸು ಅದನ್ನು ಬೆಳಕಿಗೆ ಹಿಡಿದು ನೋಡಿದಳು.
ನಾನು ಈ ಊರಿನವಳೆಂಬುದಕ್ಕೆ
ಅವತ್ತು ಇದ್ದ ದಾಖಲೆ ಅದೊಂದೇ.
ಇಳಿಯುವಾಗ ಅಂಗೈ ಬೆವರಿಗೆ
ಅಕ್ಷರ ಅಳಿಸಿಹೋಗಿತ್ತು.

ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಎಲ್ಲಿ?
ಬರಾಕಾನ ಪ್ರಶ್ನೆ.
ಹಾಲುಹಲ್ಲು ಬಿದ್ದಾಗಿನಿಂದ ಓಡಾಡುತ್ತಿದ್ದೇನೆ,
ಒಮ್ಮೆಯೂ ಕೇಳಿಕೊಂಡಿರಲಿಲ್ಲ.
ಇದ್ದವು, ಅಂದೆ. ಇದ್ದಿರಬಹುದು, ಅಂದೆ.
ಆಮೇಲೆ ಕಿಟಕಿಯ ಕಡೆ ತಿರುಗಿ ಕೂತೆ.

ಅವನು ಬೋರ್ಡುಗಳನ್ನು ಜೋರಾಗಿ ಓದುತ್ತಾನೆ,
ಒತ್ತಕ್ಷರದಲ್ಲಿ ಎಡವುತ್ತಾ.
ಒಂದನ್ನು ಮಾತ್ರ ಎಡವದೆ ಓದಿದ:
ಮನೆ ಬಾಡಿಗೆಗೆ ಇದೆ.
ಅದು ಅವನು ಓದಲು ಕಲಿತ ಮೊದಲ ಕನ್ನಡ.
ಕೇಳಿ ಕಲಿತ ಮೊದಲನೆಯದು: ಇಲ್ಲ.
ಏಳು ಮನೆಯ ಗೇಟಿನಲ್ಲಿ, ಏಳು ರಾಗದಲ್ಲಿ.
ಅಭಿನಯಿಸಿ ತೋರಿಸಿದ. ಹಿಂದಿನ ಸೀಟಿನ ಅಜ್ಜ ನಕ್ಕುಬಿಟ್ಟ.
ನಾನು ನಗಬೇಕೋ ಬೇಡವೋ ತಿಳಿಯದೆ
ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ಅವೆನ್ಯೂ ರಸ್ತೆಯಲ್ಲಿ ಅವನಿಗೆ ಸಿಕ್ಕಿತು
ಫಾರ್ಮಸಿಯ ದಪ್ಪ ಪುಸ್ತಕ, ಅರ್ಧಕ್ಕರ್ಧ ಬೆಲೆಗೆ.
ಒಳಪುಟದಲ್ಲಿ ನೀಲಿ ಶಾಯಿ: ಜಿ. ವಾರಿಜಾಕ್ಷಿ, ೧೯೮೧.
ಅದನ್ನು ಹೊಡೆದುಹಾಕದೆ
ಕೆಳಗೆ ತನ್ನ ಹೆಸರು ಬರೆದ,
ಇನ್ನೊಬ್ಬರಿಗೆ ಜಾಗ ಬಿಟ್ಟು.

ಬೇಯಿಸಿದ ಕಡಲೆಕಾಯಿ ಕೊಂಡೆವು.
ಕರಂಗ, ಅಂದ ಅವನು. ರಾಕ್ಕಾಸೇಯ್, ಅವಳು.
ಪೊಟ್ಟಣ ಯಾರದೋ ಪರೀಕ್ಷೆಯ ಉತ್ತರಪತ್ರಿಕೆ,
ಕೆಂಪಿನಲ್ಲಿ ಐದಕ್ಕೆ ಒಂದೂವರೆ.
ಉತ್ತರವೇನೋ ಸರಿಯಾಗಿಯೇ ಇತ್ತು,
ಉಪ್ಪುನೀರಿಗೆ ಪ್ರಶ್ನೆ ಕರಗಿತ್ತು.
ಫುಟ್‌ಪಾತಿನ ಕಟ್ಟೆ ಮೇಲೆ ಸಿಪ್ಪೆ ಗುಡ್ಡೆಯಾಗುವವರೆಗೆ ಕೂತೆವು.
ಒಬ್ಬರೂ ಗಡಿಯಾರ ನೋಡಲಿಲ್ಲ.

ಭಾನುವಾರ ಮಧ್ಯಾಹ್ನದವರೆಗೆ ನಿದ್ದೆ.
ಸಂಜೆ ಗಾಂಧಿಬಜಾರಿನಲ್ಲಿ ಮುನಿರತ್ನಮ್ಮನ ಬುಟ್ಟಿಯ ಮುಂದೆ
ಚಿನಾತ್ಸು ಕೇಳಿದಳು: ಮೊಳ ಅಂದರೆ ಎಷ್ಟು ಸೆಂಟಿಮೀಟರ್?
ಮೊಣಕೈಯಿಂದ ಬೆರಳ ತುದಿ, ತೋರಿಸಿದೆ.
ಯಾರ ಮೊಣಕೈ?

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.
ಮುನಿರತ್ನಮ್ಮ ಗಿಡ್ಡಕ್ಕಿದ್ದಾರೆ,
ಬಳೆಯಿಂದೀಚೆಗೆ ಕೈ ಅಂಗೈ ಮಾತ್ರ ಎನ್ನುವಷ್ಟು.
ಆರಡಿ ಮೂರಂಗುಲದ ಬರಾಕಾ
ತೋಳು ಮಡಚಿ ಅವರ ಮುಂದೆ ಚಾಚಿದ:
ಅಮ್ಮಾ, ಇದೂ ಮೊಳ.

ಅವರು ಕೈಯನ್ನು ನೋಡಿದರು, ಅವನನ್ನು ನೋಡಿದರು.
ಪಕ್ಕದ ನಿಂಬೆಹಣ್ಣಿನವಳನ್ನು ಕರೆದು ತೋರಿಸಿದರು.
ಕೊನೆಗೆ ಕನಕಾಂಬರ ಮಲ್ಲಿಗೆಯ ದಂಡೆಯನ್ನು
ಆ ಮೊಣಕೈಯಿಂದಲೇ ಹಿಡಿದು, ಎಳೆದು, ಕತ್ತರಿಸಿ,
ಒಂದೂವರೆ ಮೊಳದ ದುಡ್ಡು ಇಸಕೊಂಡರು.
ವ್ಯಾಪಾರ ವ್ಯಾಪಾರವೇ.
ಆಮೇಲೆ, ಹೊರಟವರನ್ನು ತಡೆದು,
ಅವನ ಬೊಗಸೆಗೆ ಬಿಡಿ ಮಲ್ಲಿಗೆ ಸುರಿದು
ಇದು ಕೊಸರು, ಅಂದರು.
ಕೊಸರು ಅಂದರೆ?
ಬರೆದುಕೊ, ಆಮೇಲೆ ಹೇಳುತ್ತೇನೆ, ಅಂದೆ ಚಿನಾತ್ಸುಗೆ.
ಇನ್ನೂ ಹೇಳಿಲ್ಲ.

ಕೊನೆಯ ಬಸ್ಸು. ಸೀಟೆಲ್ಲ ಖಾಲಿ,
ಬರಾಕಾನ ಬೊಗಸೆ ಹಾಗೇ ಇತ್ತು;
ಕಂಬ ಹಿಡಿಯಲಾಗದೆ ತಿರುವಿನಲ್ಲೆಲ್ಲ ವಾಲುತ್ತಿದ್ದ.
ಎಲ್ಲಿ ಇಳೀತೀರಮ್ಮ? ಕಂಡಕ್ಟರು ಕೇಳಿದ.
ನಾನು ಬಾಯಿ ತೆರೆಯುವ ಮೊದಲೇ
ಚಿನಾತ್ಸು ಪುಸ್ತಕದ ಪುಟ ಹುಡುಕಿ,
ಬೆರಳಿಟ್ಟು, ಸ್ಪಷ್ಟವಾಗಿ ಓದಿದಳು:
ಬಂದಾಗ.

ಆತ ಒಂದು ಕ್ಷಣ ಯೋಚಿಸಿದ.
ಸರಿ, ಅಂದು ಮುಂದಿನ ಸೀಟಿಗೆ ಹೋದ.