ಕಣ್ಣಿದ್ದ ಹಾಳೆ

ಅಮ್ಮ ಡಿಯೊಲಿಂಡಾ, ಪೀಕೋ ದ್ವೀಪದವಳು,
ಮ್ಯಾಸಚೂಸೆಟ್ಸಿನ ಒಂದು ಒಂಬತ್ತನೇ ಮಹಡಿ ಗುಡಿಸುತ್ತಿದ್ದಳು
ರಾತ್ರಿ ಹತ್ತರಿಂದ ಎರಡರ ತನಕ.
ಸೊಂಟದಲ್ಲಿ ನಲವತ್ತು ಕೀಲಿ. ಒಂದೂ ಬೇಕಾಗುತ್ತಿರಲಿಲ್ಲ.
ಅಲ್ಲಿನ ಹುಡುಗರು ಬೀಗ ಹಾಕುವವರಲ್ಲ:
ಒಬ್ಬ ಬರೆದದ್ದನ್ನು ಇನ್ನೊಬ್ಬ ತಿದ್ದುವನು,
ಮೂರನೆಯವನು ನಕ್ಕು ಮತ್ತೆ ತಿದ್ದುವನು,
ಮೇಜಿನಡಿ ನಿದ್ದೆಹೋದವನ ಕಾಲೆತ್ತಿ
ಅಮ್ಮ ಕಸ ಹೊಡೆಯಬೇಕು.

ಅವಳ ಬಂಡಿಯ ಕಿರ್ ಕಿರ್ ಕೇಳೀ ಕೇಳೀ
ಯಾರೋ ಕಂಪ್ಯೂಟರಿಗೆ ನಾಲ್ಕು ಸಾಲು ಸೇರಿಸಿದ್ದರು.
ಎರಡಕ್ಕೆ ಸರಿಯಾಗಿ ಲಿಫ್ಟು
ತಾನಾಗಿ ಮೇಲೆ ಬಂದು ಬಾಯಿ ತೆರೆದು ನಿಲ್ಲುವುದು,
ಹಾಲಿನ ಹೊತ್ತಿಗೆ ಮನೆಗೆ ಬಂದ ಹಸು.
ಯಾರೆಂದು ಅವಳು ಕೇಳಲಿಲ್ಲ.
ಅವರೂ ಹೇಳಲಿಲ್ಲ.

ಬುಟ್ಟಿಗೆ ಬಿದ್ದ ಹಾಳೆಗಳು ನನ್ನ ಪಾಲು.
ಅಂಚಿಗೆ ತೂತು, ಹಸಿರು ಪಟ್ಟೆ,
ಮಡಿಕೆ ಬಿಚ್ಚಿದರೆ ಒಲೆಯಿಂದ ಮಂಚದವರೆಗೆ.
ಹಿಂಬದಿಯಲ್ಲಿ ನಾನು ತಿಮಿಂಗಿಲ ಬರೆದೆ,
ಒಂದೇ ತಿಮಿಂಗಿಲ,
ಹನ್ನೊಂದು ಹಾಳೆ ಉದ್ದ.

ಆಮೇಲೆ ಕಂಪನಿ ಬಂತು.
ಹುಡುಗರನ್ನು ಒಬ್ಬೊಬ್ಬರಾಗಿ ಕೊಂಡಿತು,
ಬಾಯಿ ಬಿಡೆನೆಂಬ ಕಾಗದಕ್ಕೆ ಸಹಿ ಪಡೆಯಿತು.
ಹೊಸ ಯಂತ್ರ. ಒಳಗೇನೆಂದು ಕೇಳಬಾರದು,
ಕೆಟ್ಟರೆ ಮುಟ್ಟಬಾರದು,
ಪಕ್ಕದವನಿಗೆ ಕೊಟ್ಟರೆ ಕಳವು.
ಎರಡು ಗಂಟೆ. ಎರಡೂವರೆ.
ಗುಂಡಿ ಒತ್ತಿದ್ದರೆ ಲಿಫ್ಟು ಬರುತ್ತಿತ್ತು, ನಿಜ.
ಅಮ್ಮ ಒತ್ತದೆ ನಿಂತಿದ್ದಳು.

ಉಳಿದಿದ್ದವನು ವೆಂಡೆಲ್ ಒಬ್ಬನೇ.
"ನಾವೇ ಬರೆದದ್ದು, ಆದರೆ ಮೂಲವಿಲ್ಲ,
ಟೇಪು ಹೊತ್ತೊಯ್ದರು," ಎಂದ.
ಮರುರಾತ್ರಿ ಅಮ್ಮ
ಗೋಡೆಯ ತಿಮಿಂಗಿಲ ಸುತ್ತಿಕೊಂಡು ಹೋದಳು.
ನಾನು ಅತ್ತೆ. ಅದನ್ನೂ ಹೇಳಬೇಕು.

ಅವನು ಮಗುಚಿ ಓದಿದ, ಬಾಲದಿಂದ ತಲೆಗೆ,
ನೀಲಿ ಇಳಿದಲ್ಲಿ ದೀಪಕ್ಕೆ ಹಿಡಿದು.
ಹತ್ತನೇ ಹಾಳೆ ಇರಲಿಲ್ಲ: ಕಣ್ಣಿದ್ದ ಹಾಳೆ,
ಅಜ್ಜಿಗೆಂದು ಪೀಕೋಗೆ ಕಳಿಸಿಬಿಟ್ಟಿದ್ದೆವು.
ಅಷ್ಟನ್ನು ಮೂರು ರಾತ್ರಿ ಕೂತು ತಾನೇ ಬರೆದ.

"ಇನ್ನು ಎಲ್ಲರಿಗೂ ಪುಕ್ಕಟೆಯೋ?" ಅಂದಳು ಅಮ್ಮ.
"ಪುಕ್ಕಟೆ ಅಂತಲ್ಲ. ಕಟ್ಟಿಲ್ಲದ್ದು.
ಬೇಕಾದರೆ ಮಾರಿಕೊಳ್ಳಲಿ, ಬಚ್ಚಿಡದಿರಲಿ."
ಮೇಲ್ತುದಿಯಲ್ಲಿ ಟೈಪಿಸಿದ:
ಓದು, ತಿದ್ದು, ಹಂಚು;
ನಿನಗೆ ಸಿಕ್ಕ ಈ ಸಾಲು ನಿನ್ನಿಂದ ಪಡೆದವರಿಗೂ ಸಿಗಲಿ.

ಲಿಫ್ಟು ಎಂಟು ದಿನ ಬಂತು.
ಆಮೇಲೆ ಕಟ್ಟಡದವರು ತಂತಿ ಕಿತ್ತರು.

ಆದರೆ ಆ ಹಾಳೆಗಳು ಊರೂರು ಅಲೆದವು.
ಈಗ ಎಸ್ಟೋನಿಯಾದ ಯಾವುದೋ ಬಂದರಿನಲ್ಲಿ
ಸೇತುವೆ ಎತ್ತುತ್ತವಂತೆ, ನೂರು ಕೈ ತಿದ್ದಿ
ಗುರುತೇ ಸಿಗದಂತಾಗಿ.
ಮೊನ್ನೆ ತೆರೆದು ನೋಡಿದೆ. ನಡುವೆ ಎಲ್ಲೋ
ವೆಂಡೆಲ್ ಬಿಟ್ಟ ಟಿಪ್ಪಣಿ, ಯಾರೂ ಅಳಿಸಿಲ್ಲ:
ಇಲ್ಲಿ ಕಣ್ಣಿತ್ತು.
ಅದರ ಕೆಳಗೆ, ಬೇರೆ ಯಾರದೋ ಕೈ:
ಯಾರ ಕಣ್ಣು?

ಉತ್ತರ ಇನ್ನೂ ಬರೆದಿಲ್ಲ.
ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.