ಹಳದಿ ಪ್ರತಿ

ನಮೂನೆಯಲ್ಲಿ ಮೂರೇ ಗೆರೆ.
ಮೂರು ಗೆರೆಯಲ್ಲಿ ಕೂರುವಷ್ಟೇ ಇರಬೇಕು ಕಾಯಿಲೆ,
ಮಿಕ್ಕದ್ದು ಮೈಯಲ್ಲೇ ಇರಲಿ.

ಪಡೂಕಾ ಊರಿನಾಚೆ, ಓಹಾಯೋ ನದಿ ಹೊರಳುವಲ್ಲಿ,
ನಾಲ್ಕು ಸುತ್ತು ಮುಳ್ಳುತಂತಿಯೊಳಗೆ
ನಾನು ಅರ್ಜಿ ಬರೆಯುವವನು.
ಮಾಡಿದ್ದಕ್ಕೆ ಇಪ್ಪತ್ತೆರಡು ವರ್ಷ.
ಮಾಡಿದ್ದೇನೆಂದು ಇಲ್ಲಿ ಹೇಳುವುದಿಲ್ಲ, ಆ ಲೆಕ್ಕ ಬೇರೆ.
ನ್ಯಾಯಾಧೀಶರು ಓದಿ ಹೇಳಿದ್ದು ವರ್ಷಗಳನ್ನು,
ಹಲ್ಲುನೋವನ್ನಲ್ಲ.

ಊಟದ ಮೇಲೆ ಹುಡುಗರು ಸಾಲುಗಟ್ಟುತ್ತಾರೆ.
"ಮೇಷ್ಟ್ರೇ, ತುಂಬಾ ನೋವು ಅಂತ ಬರೀರಿ."
ಬರೆಯುವುದಿಲ್ಲ.
ತುಂಬಾ ಎನ್ನುವ ಮಾತಿಗೆ ಕೋರ್ಟಿನಲ್ಲಿ ಯಾರೂ ಕುರ್ಚಿ ಹಾಕುವುದಿಲ್ಲ.
ಯಾವಾಗ ಶುರುವಾಯಿತು? ಯಾರಿಗೆ ಹೇಳಿದೆ?
ಅವರು ಏನೆಂದರು? ಗಡಿಯಾರ ನೋಡಿದೆಯಾ?
ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದವನೂ
ಒಂದು ಗಳಿಗೆ ನಿಂತು ಯೋಚಿಸುತ್ತಾನೆ:
ಮಂಗಳವಾರವೋ, ಬುಧವಾರವೋ.

ಗ್ರಂಥಾಲಯದಲ್ಲಿ ಬೆನ್ನು ಕಿತ್ತುಹೋದ ಕಾನೂನು ಪುಸ್ತಕವೊಂದಿದೆ.
ಸೆರೆಯಾಳಿಗೆ ಮದ್ದು ತಪ್ಪಿಸುವುದು
ಶಿಕ್ಷೆಯ ಬೆನ್ನಿಗೆ ಕದ್ದು ಕಟ್ಟಿದ ಇನ್ನೊಂದು ಶಿಕ್ಷೆ,
ಅದು ಕೂಡದು, ಎನ್ನುತ್ತದೆ.
ಆದರೆ ಕೊಕ್ಕೆಯಿದೆ.
ಮರೆತಿದ್ದರೆ ಸಾಲದು, ಎಡವಿದ್ದರೆ ಸಾಲದು,
ಗೊತ್ತಿದ್ದೂ ಕೈಬಿಟ್ಟಿರಬೇಕು.
ಅಷ್ಟು ದೊಡ್ಡ ಸಂವಿಧಾನ ಬಂದು ಜೋತುಬೀಳುವುದು
ಒಂದೇ ಮಾತಿಗೆ:
ಗೊತ್ತಿತ್ತು.

ಹಾಗಾಗಿ ನನ್ನದು ವೈದ್ಯವಲ್ಲ, ವಕಾಲತ್ತೂ ಅಲ್ಲ,
ಗೊತ್ತು ಮಾಡಿಸುವ ಕಸುಬು.
ಬಿಳಿ ಪ್ರತಿ ದವಾಖಾನೆಗೆ,
ಹಳದಿ ಪ್ರತಿ ನನ್ನ ಹಾಸಿಗೆಯಡಿಗೆ.

ಹಾರ್ಲನ್ ಸ್ಕ್ಯಾಗ್ಸ್, ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವವ, ಸಕ್ಕರೆ ಕಾಯಿಲೆ.
ಮಾರ್ಚ್ ಮೂರು: ಎಡಗಾಲ ಕಿರುಬೆರಳು ಕೆಂಪು.
ಮಾರ್ಚ್ ಒಂಬತ್ತು: ಬದನೆಕಾಯಿ ಬಣ್ಣ.
ಮಾರ್ಚ್ ಹದಿನಾಲ್ಕು: ಬೂಟಿನೊಳಗಿಂದ ವಾಸನೆ,
ಪಕ್ಕದ ಮಂಚದವನ ಸಾಕ್ಷಿ ಸಹಿ ಇದೆ.
ಅರ್ಜಿಯೊಂದಕ್ಕೆ ಮೂರು ಡಾಲರ್ ಕಡಿತ,
ಹಾರ್ಲನ್ನನ ಲೆಕ್ಕದಲ್ಲಿ ಅದು ಎರಡು ದಿನದ ಪಾತ್ರೆ.
ಉತ್ತರ: ನೀರು ಹೆಚ್ಚಾಗಿ ಕುಡಿಯಿರಿ.
ಉತ್ತರ: ನಿಮ್ಮ ಹೆಸರು ಪಟ್ಟಿಯಲ್ಲಿದೆ.
ಉತ್ತರ ಎಂಬಲ್ಲಿ, ಮೂರನೆಯ ಸಲ,
ಕಾಫಿ ಲೋಟದ ಉಂಗುರ.

ಏಪ್ರಿಲಿನಲ್ಲಿ ಕೊಂಡೊಯ್ದರು, ಎರಡೂ ಕಾಲಿಗೆ ಬೇಡಿ ಹಾಕಿ.
ಮರಳುವಾಗ ಒಂದು ಬೇಡಿ ಖಾಲಿಯಿತ್ತು.
"ಮೇಷ್ಟ್ರೇ, ಇನ್ನು ಬೂಟು ಅರ್ಧ ಬೆಲೆಗೆ ಕೊಡ್ತಾರಾ?" ಎಂದ.
ನಾನು ನಗಲಿಲ್ಲ. ನಗಬೇಕಿತ್ತು, ಕಾದು ನೋಡುತ್ತಿದ್ದ.

ಹನ್ನೊಂದು ಹಳದಿ ಹಾಳೆ ಪೋಣಿಸಿ ಲೂಯಿವಿಲ್ಲಿನ ವಕೀಲೆಗೆ ಕಳಿಸಿದೆ.
ವೈದ್ಯ ಕಂಪನಿಯ ಪ್ರಮಾಣಪತ್ರ ಬಂತು,
ದಪ್ಪ ಕಾಗದ, ಚಂದದ ಸಹಿ:
ನಮಗೆ ಗೊತ್ತಿರಲಿಲ್ಲ.
ಹನ್ನೊಂದು ಹಾಳೆಯನ್ನು ಮತ್ತೊಮ್ಮೆ ಎಣಿಸಿದೆ,
ನನ್ನ ಅಕ್ಷರವೇ ಸರಿಯಿಲ್ಲವೇನೋ ಎಂದು.

ಮೊನ್ನೆ ರಾತ್ರಿ ತಲೆ ಎಣಿಸುವ ಹೊತ್ತು
ಕಾವಲಿನ ವರ್ನಾ ಪಕೆಟ್ ಟಾರ್ಚು ಆರಿಸಿ ಕಂಬಿಯ ಬಳಿ ನಿಂತಳು.
ಅವಳ ಗಂಡನಿಗೂ ಸಕ್ಕರೆಯಂತೆ,
ವಿಮೆಯವರು ಆಗದೆಂದರಂತೆ,
ತಿಂಗಳ ಇನ್ಸುಲಿನ್ನನ್ನು ಎರಡು ತಿಂಗಳಿಗೆ ಎಳೆಯುತ್ತಿದ್ದಾನೆ,
ನಾವು ಸೋಪಿನ ಚೂರು ಎಳೆಯುವ ಹಾಗೆ.
"ನಿಮಗಾದರೂ ಸಂವಿಧಾನ ಇದೆ," ಎಂದಳು,
ಚುಚ್ಚಿ ಅಲ್ಲ, ಸುಸ್ತಾಗಿ.
"ನಮಗಿರೋದು ಬಿಲ್ಲು ಮಾತ್ರ."
ಸ್ವಲ್ಪ ತಡೆದು,
"ನಂಗೂ ಒಂದು ಬರ್ಕೊಡ್ತೀಯಾ?"

ನನ್ನಲ್ಲಿದ್ದದ್ದು ಅದೊಂದೇ ನಮೂನೆ.
ಕೈದಿ ಸಂಖ್ಯೆ ಎಂಬ ಚೌಕವನ್ನು ಖಾಲಿ ಬಿಟ್ಟೆ.
ಯಾವಾಗ ಶುರುವಾಯಿತು, ಕೇಳಿದೆ.
ಯಾರಿಗೆ ಹೇಳಿದಿರಿ?
ಅವಳು ಬೆರಳು ಮಡಚತೊಡಗಿದಳು,
ಸೆಪ್ಟೆಂಬರೋ, ಅದರ ಮುಂಚೆಯೋ.

ಕತ್ತಲೆಯಿಂದ, ಮೂಲೆಯ ಮಂಚದಿಂದ,
ನಿದ್ದೆ ಬರದ ಹಾರ್ಲನ್ ಕೂಗಿದ:
"ತಾರೀಕು, ಮೇಡಂ. ತಾರೀಕು ಸರಿಯಾಗಿ ಹೇಳಿ."