ಬಿಟ್ಟ ಜಾಗ

ಕುರಿಯ ಚರ್ಮ ಹದಕ್ಕೆ ಬರುವುದು ಸುಲಭವಲ್ಲ.
ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು,
ಚೌಕಟ್ಟಿಗೆ ಬಿಗಿದು ಒಣಗಿಸಬೇಕು.
ಒಂದು ಬೆರಳಗಲವೂ ಪೋಲಾಗುವಂತಿಲ್ಲ.
ಇಪ್ಪತ್ತೆರಡು ವರ್ಷ ನಾನು ಮೈಲೊ ಕ್ರಂಪರ ಗುಮಾಸ್ತ;
ಅವರು ಕೊಟ್ಟ ನ್ಯಾಯವೆಲ್ಲ
ನನ್ನ ಕೈಬರಹದಲ್ಲಿ ಸುರುಳಿ ಸುತ್ತಿಕೊಂಡಿದೆ
ಡಬ್ಲಿನ್ ಕೋಟೆಯ ತೇವದಲ್ಲಿ.

ಜನ ಅಳುತ್ತಿದ್ದುದು ಐರಿಷ್‌ನಲ್ಲಿ,
ವಕೀಲರು ಕಾದುತ್ತಿದ್ದುದು ಫ್ರೆಂಚಿನಲ್ಲಿ,
ನಾನು ಬರೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ.
ಮೂರು ಜರಡಿ ದಾಟಿದ ಮೇಲೆ
ಕಣ್ಣೀರು ಎಷ್ಟು ಉಳಿದೀತು, ನೀವೇ ಹೇಳಿ.

ಲಂಡನ್ನಿನಲ್ಲಿ ಉಪ್ಪುಮೀನು ತಿಂದು ಬದುಕಿ,
ವೆಸ್ಟ್‌ಮಿನ್‌ಸ್ಟರಿನ ಕಂಬಕ್ಕೊರಗಿ ನಿಂತೇ
ಕಾನೂನು ಕಲಿತರಂತೆ.
ಮರಳಿದ್ದು ಹೊಸ ನಾಲಗೆಯೊಡನೆ.
ಹಳೆಯದು ಹೊರಬರುತ್ತಿದ್ದುದು ಎರಡೇ ಸಲ:
ಕುದುರೆಯನ್ನು ಸಂತೈಸುವಾಗ,
ದವಡೆಹಲ್ಲು ನೋಯುವ ರಾತ್ರಿ.

ಹೆಸರು ಬಂದದ್ದು ದ್ರೊಹೆಡಾದಲ್ಲಿ.
ಗಿರಣಿಯವನೊಬ್ಬ ತನ್ನ ಎತ್ತು ಕಸಿದವನ ಮೇಲೆ
ದೂರು ತಂದಿದ್ದ. ಸಾಕ್ಷಿ ಗಟ್ಟಿ, ಎತ್ತಿನ ಕಿವಿಯಲ್ಲಿ ಗುರುತು ಗಟ್ಟಿ.
ಕಸಿದವನ ಪರ ಎದ್ದು ನಿಂತ ಕ್ರಂಪರು
ನಾಲ್ಕೇ ಮಾತಾಡಿದರು:
"ಇವನು ಐರಿಷ್. ಉತ್ತರ ಬೇಕಿಲ್ಲ."
ದೊರೆಯ ಕಾನೂನು ದೊರೆಯ ಜನಕ್ಕೆ; ಉಳಿದವರಿಗೆ ಬಾಗಿಲು.
ಸಂಜೆಗೆ ಒಂದು ಪೀಪಾಯಿ ದ್ರಾಕ್ಷಾರಸ ಮನೆಗೆ ಉರುಳಿ ಬಂತು.

ಆಮೇಲೆ ಪೀಠ. ತುಪ್ಪುಳದ ಅಂಚಿನ ನಿಲುವಂಗಿ.
ವರ್ಷಕ್ಕೆ ನಲವತ್ತು ಪೌಂಡು, ಕಾಗದದ ಮೇಲೆ;
ಖಜಾನೆ ಕೊಟ್ಟದ್ದಕ್ಕಿಂತ ಕೊಡದೆ ಉಳಿಸಿದ್ದೇ ಹೆಚ್ಚು.
ಸಾಲದ ಓಟ್ಸ್ ತಿಂದ ಕುದುರೆಗಳ ಮೇಲೆ
ಊರಿಂದೂರಿಗೆ ನ್ಯಾಯ ಹೊತ್ತು ತಿರುಗಿದೆವು.

ಟ್ರಿಮ್‌ನಲ್ಲಿ, ಲೆಂಟ್ ಉಪವಾಸದ ಮೂರನೇ ವಾರ,
ಮುದುಕಿಯೊಬ್ಬಳು ಬಂದಳು. ಹೆಸರು ಸೈವ್.
ಮಗ ಫಿಯಾಖ್ರನನ್ನು ಕೊಂದವನು
ಅಲ್ಲೇ ನಿಂತಿದ್ದ, ಉಗುರು ಕಚ್ಚುತ್ತ.
ಅವನ ಕಡೆಯ ವಕೀಲ ಎದ್ದ. ಎಳೆಯ, ಚುರುಕಿನವ.
ಗಂಟಲು ಸರಿಮಾಡಿಕೊಂಡು ನಾಲ್ಕೇ ಮಾತಾಡಿದ:
"ಇವಳು ಐರಿಷ್. ಉತ್ತರ ಬೇಕಿಲ್ಲ."

ನಾನು ಲೇಖನಿ ಎತ್ತಿ ಕಾದೆ.
ಬಾತುಗರಿಯ ತುದಿಯಲ್ಲಿ ಶಾಯಿ ತುಂಬಿ, ತೂಗಿ,
ಬೀಳಲೋ ಬೇಡವೋ ಎನ್ನುತ್ತಿತ್ತು.
ಮುದುಕಿ ಪೀಠದತ್ತ ನೋಡಿದಳು. ಬೇಡಲಿಲ್ಲ.
ಸಣ್ಣ ಮಗುವಿನ ಬಾಯಿ ಒರೆಸಲು ಹೊರಟವಳಂತೆ
ಸೆರಗಿನ ತುದಿ ಹಿಡಿದದ್ದಷ್ಟೇ.
ಹಾಲಿನ ಋಣದ ಮಾತು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.
ಒಂದು ಮೊಲೆ ಇವರದು, ಇನ್ನೊಂದು ಫಿಯಾಖ್ರನದು
ಎಂಬುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ,
ಕುದುರೆಯಾಳಿನ ಬಾಯಿಂದ.

ಕಾನೂನು ಇದ್ದಂತೆಯೇ ತೀರ್ಪು ಹೇಳಿದರು.
ಸತ್ತವನ ಒಡೆಯ ಕೇಳಿದರೆ ಒಡೆಯನಿಗೆ ಎಪ್ಪತ್ತು ಷಿಲ್ಲಿಂಗ್.
ಹೆತ್ತವಳಿಗೆ ಬಾಗಿಲು.

ಆ ರಾತ್ರಿ ಅವರಿಗೆ ಹಲ್ಲುನೋವಿರಲಿಲ್ಲ.
ಆದರೂ ಗೋಡೆಯಾಚೆ ಅದೇ ಭಾಷೆ ಕೇಳಿಸಿತು.

ಕ್ರಂಪರು ಹೋಗಿ ಎರಡು ಚಳಿಗಾಲವಾಯಿತು.
ಮೊನ್ನೆ ಖಜಾನೆಯವರು ಬಂದು ಸುರುಳಿ ಬಿಚ್ಚಿದರು,
ಟ್ರಿಮ್‌ನ ಪುಟದಲ್ಲಿ ಬೆರಳಿಟ್ಟರು:
"ವಾದಕ್ಕೂ ತೀರ್ಪಿಗೂ ನಡುವೆ
ನಾಲ್ಕು ಬೆರಳು ಖಾಲಿ. ಯಾಕೆ?"

"ಅಲ್ಲಿ ಚರ್ಮ ತೆಳು ಸ್ವಾಮಿ," ಎಂದೆ,
"ಶಾಯಿ ನಿಲ್ಲಲಿಲ್ಲ."